ಕೂಲರ್ ಹಿಡಿಸುತ್ತಾ? ಸಣ್ಣ ಪಿಸಿ ಕಟ್ಟುವ ಮೊದಲು ಹಾಕಬೇಕಾದ ಮಿಲಿಮೀಟರ್ ಲೆಕ್ಕ

ಮಣಿಪಾಲದ ಪಿಜಿ ಕೋಣೆಯ ಮೇಜಿನ ಮೇಲಾಗಲಿ, ಕದ್ರಿಯ ಸಣ್ಣ ಫ್ಲ್ಯಾಟಿನ ಟಿವಿ ಸ್ಟ್ಯಾಂಡಿನ ಪಕ್ಕದಲ್ಲಾಗಲಿ ದೊಡ್ಡ ಟವರ್ ಕ್ಯಾಬಿನೆಟ್ ಇಡಲು ಜಾಗ ಇರುವುದಿಲ್ಲ. ರಜೆಗೆ ಊರಿಗೆ ಹೋಗುವಾಗ ಬ್ಯಾಗಿನಲ್ಲಿ ಹಾಕಿಕೊಂಡು ಹೋಗಬೇಕು ಅನ್ನುವವರೂ ಇದ್ದಾರೆ. ಹಾಗಾಗಿ ಹತ್ತು ಲೀಟರ್, ಹದಿನೆಂಟು ಲೀಟರ್ ಗಾತ್ರದ ಪುಟ್ಟ ಕ್ಯಾಬಿನೆಟ್‌ಗಳ ಮೇಲೆ ನಮ್ಮ ಕಡೆಯೂ ಆಸೆ ಜಾಸ್ತಿಯಾಗಿದೆ. ತೊಂದರೆ ಎಂತದೆಂದರೆ, ಇವು ಊರಿನ ಅಂಗಡಿಯಲ್ಲಿ ಸುಲಭಕ್ಕೆ ಕಾಣಸಿಗುವುದಿಲ್ಲ. ಕ್ಯಾಬಿನೆಟ್ ಒಂದು ಕಡೆಯಿಂದ, ಮದರ್‌ಬೋರ್ಡ್ ಇನ್ನೊಂದು ಕಡೆಯಿಂದ, ಪ್ರೊಸೆಸರನ್ನು ತಂಪಾಗಿಡುವ ಕೂಲರ್ ಮತ್ತೊಂದು ಕಡೆಯಿಂದ ಕೊರಿಯರಿನಲ್ಲಿ ಬರುತ್ತದೆ. ಹಿಡಿಸಿ ನೋಡಿ ಕೊಳ್ಳುವ ಮಾತೇ ಇಲ್ಲ. ಎಲ್ಲ ಜೋಡಿಸಿದ ಮೇಲೆ ಪಕ್ಕದ ಬಾಗಿಲು ಮುಚ್ಚದಿದ್ದರೆ, ಬಿಸಿ ದಾಟಿಸುವ ಪೇಸ್ಟ್ ಹಚ್ಚಿದ ಕೂಲರನ್ನು ವಾಪಸ್ ಕಳಿಸುವ ತಲೆಬಿಸಿ ಬೇರೆ.

ಹೆಚ್ಚಿನವರು ಎರಡು ಸಂಖ್ಯೆ ನೋಡಿ ಆರ್ಡರ್ ಹಾಕುತ್ತಾರೆ. ಕ್ಯಾಬಿನೆಟ್ ಎಷ್ಟು ಎತ್ತರದ ಕೂಲರ್ ಹಿಡಿಸುತ್ತದೆ ಅನ್ನುವುದು ಒಂದು, ಕೂಲರಿನ ಎತ್ತರ ಎಷ್ಟು ಅನ್ನುವುದು ಇನ್ನೊಂದು. ಎರಡನೆಯದು ಕಡಿಮೆ ಇದ್ದರೆ ಆಯಿತು ಅಂತ ಲೆಕ್ಕ. ಆದರೆ ಎತ್ತರ ಹೊಂದಿದ ಮಾತ್ರಕ್ಕೆ ಕೂಲರ್ ಹಿಡಿಸಿತು ಅಂತಲ್ಲ. ಹಿಡಿಸಿದರೂ ಅದು ಏಪ್ರಿಲ್ ತಿಂಗಳ ಮಂಗಳೂರಿನಲ್ಲಿ ಪ್ರೊಸೆಸರನ್ನು ತಂಪಾಗಿಡುತ್ತದೆ ಅಂತಲೂ ಅಲ್ಲ.

ಎತ್ತರ ಎಲ್ಲಿಂದ ಎಲ್ಲಿಗೆ?

ಕೂಲರಿನ ಎತ್ತರ ಅಂದರೆ ಪ್ರೊಸೆಸರಿಗೆ ತಾಗುವ ಅದರ ತಳದಿಂದ ಫ್ಯಾನ್ ಸೇರಿದಂತೆ ತುತ್ತತುದಿಯವರೆಗೆ. ನೊಕ್ಚುವಾದ ಎನ್‌ಎಚ್-ಎಲ್9ಐ 37 ಮಿ.ಮೀ. ಇದೆ. ಥರ್ಮಲ್‌ರೈಟ್‌ನ ಎಎಕ್ಸ್‌ಪಿ90 ಸರಣಿಯಲ್ಲಿ ಎತ್ತರ ಹೆಸರಲ್ಲೇ ಉಂಟು: ಎಕ್ಸ್47 ಅಂದರೆ 47, ಎಕ್ಸ್53 ಅಂದರೆ 53. ನೊಕ್ಚುವಾ ಎನ್‌ಎಚ್-ಎಲ್12ಎಸ್ 70. ಎಎಂಡಿ ಕೆಲವು ಪ್ರೊಸೆಸರ್ ಜೊತೆ ಕೊಡುವ ರೈತ್ ಸ್ಟೆಲ್ತ್ 54. ಆಮೇಲೆ ಒಂದೇ ಹಾರಿಗೆ ಗೋಪುರದ ಹಾಗೆ ನೆಟ್ಟಗೆ ನಿಲ್ಲುವ ಟವರ್ ಕೂಲರ್‌ಗಳು ಬರುತ್ತವೆ: 92 ಮಿ.ಮೀ. ಫ್ಯಾನಿನವು 125ರ ಆಸುಪಾಸು, 120 ಮಿ.ಮೀ. ಫ್ಯಾನಿನವು 155ರಿಂದ 160. ನಡುವಿನ ಎತ್ತರಕ್ಕೆ ಕೂಲರ್ ಇಲ್ಲವೇ ಇಲ್ಲ ಅಂತಲ್ಲ, ಆಯ್ಕೆ ಮಾತ್ರ ತುಂಬಾ ಕಡಿಮೆ. 100 ಮಿ.ಮೀ. ಹಿಡಿಸುವ ಕ್ಯಾಬಿನೆಟ್ ಕೊಂಡರೂ ಕೊನೆಗೆ 70ರ ಕೂಲರನ್ನೇ ಹಾಕುವ ಸಂಭವ ಹೆಚ್ಚು.

ಕ್ಯಾಬಿನೆಟ್‌ಗಳೂ ಹೀಗೆಯೇ ಎರಡು ಪಂಗಡ. ಡ್ಯಾನ್ ಎ4-ಎಸ್‌ಎಫ್‌ಎಕ್ಸ್ 7.2 ಲೀಟರಿನದು, ಕೂಲರಿಗೆ 48 ಮಿ.ಮೀ. ಬಿಡುತ್ತದೆ. ಲಿಯಾನ್ ಲಿ ಎ4-ಎಚ್2ಒ 11 ಲೀಟರ್, ಕೂಲರಿಗೆ 55. ಕೂಲರ್ ಮಾಸ್ಟರ್ ಎನ್‌ಆರ್200 ಸುಮಾರು 18 ಲೀಟರ್, ಅದರಲ್ಲಿ 155ರ ಟವರ್ ಕೂರುತ್ತದೆ. ಏಳು ಲೀಟರ್ ಜಾಸ್ತಿ ಕೊಟ್ಟರೆ ಹೆಚ್ಚುಕಡಿಮೆ ಮೂರು ಪಟ್ಟು ಎತ್ತರದ ಕೂಲರ್. ಊರಿಂದೂರಿಗೆ ಒಯ್ಯುವ ಅಗತ್ಯ ಇಲ್ಲದವರು ಎನ್‌ಆರ್200 ಅಳತೆಯ ಪೆಟ್ಟಿಗೆಯಲ್ಲೇ ನಿಲ್ಲುವುದು ಜಾಣತನ ಅಂತ ನನ್ನ ಅಭಿಪ್ರಾಯ. ಅದಕ್ಕಿಂತ ಚಿಕ್ಕದಕ್ಕೆ ಇಳಿದ ಕೂಡಲೇ ಪ್ರತಿ ಮಿಲಿಮೀಟರಿಗೂ ಜಗಳ ಶುರು.

ಕಂಪನಿ ಕೊಟ್ಟ ಸಂಖ್ಯೆ ಸಾಮಾನ್ಯವಾಗಿ 'ಇಷ್ಟು ಎತ್ತರದ ಕೂಲರ್ ಹಿಡಿಸುತ್ತದೆ' ಅನ್ನುವ ಅರ್ಥದ್ದು. ಅದನ್ನು ಕೂಲರಿನ ಎತ್ತರದ ಜೊತೆ ನೇರ ಹೋಲಿಸಬಹುದು. ಯಾರೋ ಕೊಟ್ಟ ಹಳೇ ಕ್ಯಾಬಿನೆಟ್, ಸಂಖ್ಯೆ ಗೊತ್ತಿಲ್ಲ ಅಂತಾದರೆ ಸ್ಟೀಲ್ ಸ್ಕೇಲ್ ಹಿಡಿದು ನೀವೇ ಅಳೆಯಬೇಕು. ಎಡವುವುದು ಇಲ್ಲೇ. ಬೋರ್ಡ್ ಕೂರಿಸುವ ತಗಡಿನಿಂದ ಪಕ್ಕದ ಬಾಗಿಲಿನ ಒಳಮೈವರೆಗೆ 70 ಮಿ.ಮೀ. ಬಂತು ಅಂದುಕೊಳ್ಳಿ. ಅದರಲ್ಲಿ ಬೋರ್ಡನ್ನು ತಗಡಿನಿಂದ ಎತ್ತಿ ಹಿಡಿಯುವ ಹಿತ್ತಾಳೆಯ ಸ್ಟ್ಯಾಂಡ್‌ಆಫ್ ಸುಮಾರು 6.5 ತಿನ್ನುತ್ತದೆ. ಬೋರ್ಡಿನ ದಪ್ಪ 1.6. ಸಾಕೆಟ್ ಸೇರಿಸಿ ಪ್ರೊಸೆಸರಿನ ನೆತ್ತಿ ಬೋರ್ಡಿನಿಂದ ಏಳೆಂಟು ಮಿ.ಮೀ. ಮೇಲಿರುತ್ತದೆ. ಒಟ್ಟು ಹದಿನಾರು ಹೋಯಿತು. ಕೂಲರಿಗೆ ಉಳಿದದ್ದು 54. ಸ್ಕೇಲಿನಲ್ಲಿ 70 ಕಂಡಿತು ಅಂತ ಎಲ್12ಎಸ್ ತರಿಸಿದರೆ ಬಾಗಿಲು ಮುಚ್ಚುವುದಿಲ್ಲ.

ಬಾಗಿಲನ್ನೂ ನೋಡಿಕೊಳ್ಳಿ. ಒಂದೇ ಕ್ಯಾಬಿನೆಟ್ಟಿಗೆ ಜಾಲರಿ ಬಾಗಿಲು, ಗಾಜಿನ ಬಾಗಿಲು ಎರಡೂ ಬರುವುದುಂಟು. ಗಾಜು ದಪ್ಪ, ಹಾಗಾಗಿ ಮಿತಿ ಒಂದೆರಡು ಮಿ.ಮೀ. ಇಳಿಯಬಹುದು. ಧೂಳು ತಡೆಯಲು ಒಳಗಿನಿಂದ ಅಂಟಿಸುವ ಮ್ಯಾಗ್ನೆಟ್ ಫಿಲ್ಟರ್ ಕೂಡ ಒಂದೂವರೆ, ಎರಡು ಮಿ.ಮೀ. ಜಾಗ ತೆಗೆದುಕೊಳ್ಳುತ್ತದೆ.

ಫ್ಯಾನ್ ಬದಲಿಸುವ ಯೋಚನೆ ಇದ್ದರೆ ಅದನ್ನೂ ಈಗಲೇ ಕೂಡಿಸಿ. ಗಿಡ್ಡ ಕೂಲರಿನ ಜೊತೆ ಬರುವ ಫ್ಯಾನ್ 14–15 ಮಿ.ಮೀ. ದಪ್ಪದ್ದು. ಸದ್ದು ಕಡಿಮೆಯಾಗಲಿ ಅಂತ ಮಾಮೂಲಿ 25 ಮಿ.ಮೀ. ಫ್ಯಾನ್ ಹಾಕಿದರೆ ಎತ್ತರ ಹತ್ತು ಮಿ.ಮೀ. ಏರಿತು.

ಇನ್ನೊಂದು ಬಗೆಯ ಕ್ಯಾಬಿನೆಟ್ಟಿನಲ್ಲಿ ಮಿತಿಯೇ ಸ್ಥಿರವಲ್ಲ. ಬೋರ್ಡ್ ಒಂದು ಕಡೆ, ಗ್ರಾಫಿಕ್ಸ್ ಕಾರ್ಡ್ ಅದರ ಬೆನ್ನಿಗೆ, ನಡುವೆ ಒಂದು ತಗಡು. ಇದಕ್ಕೆ ಸ್ಯಾಂಡ್‌ವಿಚ್ ಜೋಡಣೆ ಅನ್ನುತ್ತಾರೆ. 10.4 ಲೀಟರಿನ ಫ್ರಾಕ್ಟಲ್ ಟೆರಾದಲ್ಲಿ ಆ ನಡುತಗಡನ್ನು ಆಚೆ ಈಚೆ ಸರಿಸಬಹುದು. ಕೂಲರಿಗೆ 48ರಿಂದ 77, ಕಾರ್ಡಿಗೆ 72ರಿಂದ 43. ಕೂಡಿಸಿ ನೋಡಿ, ಎರಡು ತುದಿಯಲ್ಲೂ 120. ಅಂದರೆ ಇಲ್ಲಿ ಕೂಲರ್ ಆರಿಸುವ ಮೊದಲು ಗ್ರಾಫಿಕ್ಸ್ ಕಾರ್ಡ್ ಆರಿಸಬೇಕು. 60 ಮಿ.ಮೀ. ದಪ್ಪದ ಮೂರು ಸ್ಲಾಟ್ ಕಾರ್ಡ್ ಹಾಕಿದವರಿಗೆ ಕೂಲರಿಗೆ ಉಳಿಯುವುದು ಸುಮಾರು 60. ತಗಡು ನಿಗದಿತ ಮೆಟ್ಟಿಲುಗಳಲ್ಲಿ ಮಾತ್ರ ಸರಿಯುತ್ತದೆ, ಹಾಗಾಗಿ ಒಂದೆರಡು ಮಿ.ಮೀ. ವ್ಯತ್ಯಾಸಕ್ಕೂ ತಯಾರಿರಬೇಕು.

ನೆರೆಮನೆಯವರು

ಮಿನಿ-ಐಟಿಎಕ್ಸ್ ಬೋರ್ಡ್ ಅಂದರೆ 170 ಮಿ.ಮೀ. ಚೌಕ. ಅಷ್ಟರಲ್ಲಿ ಸಾಕೆಟ್, ರ‍್ಯಾಮ್, ಕಾರ್ಡಿನ ಸ್ಲಾಟ್, ಎಸ್‌ಎಸ್‌ಡಿ, ವಿಆರ್‌ಎಂ (ಪ್ರೊಸೆಸರಿಗೆ ಬೇಕಾದ ವಿದ್ಯುತ್ ಒದಗಿಸುವ ಭಾಗ) ಎಲ್ಲ ಇರಬೇಕು. ದೊಡ್ಡ ಬೋರ್ಡಿನಲ್ಲಿ ಕೂಲರಿಗೂ ರ‍್ಯಾಮಿಗೂ ನಡುವೆ ಸ್ವಲ್ಪ ಉಸಿರಾಡುವ ಜಾಗ ಇರುತ್ತದೆ. ಇಲ್ಲಿ ಗೋಡೆಗೆ ಗೋಡೆ ತಾಗಿಕೊಂಡೇ ಇರುತ್ತವೆ.

ನನ್ನನ್ನು ಜಾಸ್ತಿ ಜನ ಕೇಳುವ ಪ್ರಶ್ನೆ ಇದು: "ಅಣ್ಣ, ಕ್ಯಾಬಿನೆಟ್ಟಿನಲ್ಲೂ 155 ಅಂತ ಉಂಟು, ಕೂಲರಿನಲ್ಲೂ 155 ಅಂತ ಉಂಟು. ಹಿಡಿಸ್ತದಲ್ವಾ?"

"ಹಿಡಿಸ್ತದೆ ಮಾರಾಯ. ರ‍್ಯಾಮ್ ಯಾವುದು?"

ಪ್ರಶ್ನೆಗೆ ಪ್ರಶ್ನೆ ಹಾಕಿದ್ದು ಸುಮ್ನೆ ಅಲ್ಲ. ಥರ್ಮಲ್‌ರೈಟ್ ಪಿಯರ್‌ಲೆಸ್ ಅಸಾಸಿನ್ 120 ಎಸ್‌ಇ ಥರದ 155ರ ಕೂಲರನ್ನೇ ತೆಗೆದುಕೊಳ್ಳಿ. ಅದರ ಮುಂದಿನ ಫ್ಯಾನ್ 120 ಮಿ.ಮೀ. ಇದೆ. ಫ್ಯಾನಿನ ಮೇಲಂಚು ಕೂಲರಿನ ಮೇಲಂಚಿಗೆ ಸಮನಾಗಿ ಕೂತರೆ ಕೆಳಗೆ 35 ಉಳಿಯಿತು. ಪ್ರೊಸೆಸರಿನ ಏಳೆಂಟು ಮಿ.ಮೀ. ಸೇರಿಸಿ. ಬೋರ್ಡಿನಿಂದ ಫ್ಯಾನಿನ ಕೆಳಗಂಚಿಗೆ ಸುಮಾರು 42. ಐಟಿಎಕ್ಸ್ ಬೋರ್ಡಿನಲ್ಲಿ ಈ ಫ್ಯಾನಿನ ಕೆಳಗೇ ರ‍್ಯಾಮ್ ಬರುತ್ತದೆ. ಸಾದಾ ರ‍್ಯಾಮ್ ಕಡ್ಡಿ 31 ಮಿ.ಮೀ. ಚಿಲ್ಲರೆ ಎತ್ತರ. ಸ್ಲಾಟಿನ ತಳ ಸೇರಿಸಿದರೂ ಆರಾಮಾಗಿ ಹಿಡಿಸುತ್ತದೆ. ಬಣ್ಣಬಣ್ಣದ ಲೈಟಿನ ಆರ್‌ಜಿಬಿ ರ‍್ಯಾಮ್ ಹಾಗಲ್ಲ. ಜಿ.ಸ್ಕಿಲ್‌ನ ಟ್ರೈಡೆಂಟ್ ಝಡ್ 44, ಕೋರ್ಸೇರ್‌ನ ವೆಂಜಿಯನ್ಸ್ ಆರ್‌ಜಿಬಿ ಪ್ರೊ 51. ಇಂಥದ್ದು ಹಾಕಿದರೆ ಫ್ಯಾನ್ ತನ್ನ ಜಾಗಕ್ಕೆ ಇಳಿಯುವುದಿಲ್ಲ. ತಂತಿಯ ಕ್ಲಿಪ್ಪನ್ನು ಮೇಲಕ್ಕೆ ಜರುಗಿಸಿ ಕೂರಿಸಬೇಕು. ಆಗ ಕೂಲರ್ 155 ಅಲ್ಲ, 160 ದಾಟುತ್ತದೆ. ಎರಡೂ ಕಂಪನಿಗಳು ಕೊಟ್ಟ ಸಂಖ್ಯೆ ಸರಿಯೇ, ಆದರೂ ಬಾಗಿಲು ಮುಚ್ಚುವುದಿಲ್ಲ.

ಇದಕ್ಕೆ ಪರಿಹಾರ ಸರಳ: ಗಿಡ್ಡ ರ‍್ಯಾಮ್ ಕೊಳ್ಳಿ. ಬಾಗಿಲು ಮುಚ್ಚಿದ ಮೇಲೆ ಲೈಟ್ ನೋಡುವವರು ಯಾರು? ಈಗಾಗಲೇ ಎತ್ತರದ್ದನ್ನು ಕೊಂಡಾಗಿದ್ದರೆ ಎರಡು ಗೋಪುರದ ಕೂಲರಿನಲ್ಲಿ ಮುಂದಿನ ಫ್ಯಾನ್ ತೆಗೆದು ನಡುವಿನದೊಂದನ್ನೇ ಓಡಿಸಬಹುದು. ಒಂದೆರಡು ಡಿಗ್ರಿ ಏರಬಹುದು, ಆಕಾಶ ಕಳಚಿ ಬೀಳುವುದಿಲ್ಲ.

ಗಿಡ್ಡ ಕೂಲರಿನಲ್ಲಿ ತೊಂದರೆ ಅಗಲದ್ದು. ಎಲ್9ಐ ತಳ 95×95 ಮಿ.ಮೀ. ಇದೆ. ಇಂಟೆಲ್ ತನ್ನ ಹಳೇ ಸಾಕೆಟ್‌ಗಳ ಸುತ್ತ 'ಇಷ್ಟು ಜಾಗ ಕೂಲರಿಗೆ, ಇಲ್ಲಿ ಎತ್ತರದ್ದೇನೂ ಇಡಬೇಡಿ' ಅಂತ ಬೋರ್ಡ್ ಮಾಡುವವರಿಗೆ ಹೇಳಿದ ಚೌಕದ ಅಳತೆಯೂ ಅದೇ. ಆದ್ದರಿಂದ ಎಲ್9ಐ ಯಾರ ತಂಟೆಗೂ ಹೋಗುವುದಿಲ್ಲ. 120 ಮಿ.ಮೀ. ಫ್ಯಾನಿನ ಗಿಡ್ಡ ಕೂಲರ್ ಆ ಚೌಕದಿಂದ ಹೊರಗೆ ಚಾಚಿಕೊಳ್ಳುತ್ತದೆ. ಅದರ ರೆಕ್ಕೆ ರ‍್ಯಾಮಿನ ಮೇಲೆ ಬರಬಹುದು, ವಿಆರ್‌ಎಂ ಹೀಟ್‌ಸಿಂಕಿಗೆ (ಬಿಸಿ ಹೊರಹಾಕುವ ಲೋಹದ ಎಲೆಗಳ ಕಟ್ಟು) ತಾಗಬಹುದು, ಹಿಂದಿನ ಪೋರ್ಟುಗಳ ಮೇಲಿನ ಪ್ಲಾಸ್ಟಿಕ್ ಮುಚ್ಚಳಕ್ಕೆ ಒರಗಬಹುದು. ದುಬಾರಿ ಐಟಿಎಕ್ಸ್ ಬೋರ್ಡ್‌ಗಳಲ್ಲಿ ಈ ಕಾಟ ಜಾಸ್ತಿ. ಜಾಗ ಸಾಲದೆ ಎಸ್‌ಎಸ್‌ಡಿಯನ್ನು ಎರಡು ಮಹಡಿ ಮಾಡಿ, ಅದರ ಮೇಲೊಂದು ಹೀಟ್‌ಸಿಂಕ್ ಕೂರಿಸಿರುತ್ತಾರೆ. ಸಾದಾ ಬೋರ್ಡಿನಲ್ಲಿ ಸುಲಭಕ್ಕೆ ಕೂತ ಕೂಲರ್ ಇದರಲ್ಲಿ ಕೂರುವುದಿಲ್ಲ.

ಕೂಲರನ್ನು ತಿರುಗಿಸಿ ಕೂರಿಸಬಹುದಲ್ಲ ಅಂತ ಕೇಳಬಹುದು. ಇಂಟೆಲ್ ಎಲ್‌ಜಿಎ1700 ಸಾಕೆಟ್ಟಿನ ತೂತುಗಳು 78×78 ಚೌಕದಲ್ಲಿವೆ, ಹಾಗಾಗಿ ನಾಲ್ಕು ದಿಕ್ಕಿಗೂ ತಿರುಗಿಸಬಹುದು. ಎಎಂಡಿಯ ಎಎಂ4, ಎಎಂ5 ಸಾಕೆಟ್ಟುಗಳ ತೂತುಗಳು 54×90 ಆಯತದಲ್ಲಿವೆ. ಅಲ್ಲಿ ಸಾಮಾನ್ಯವಾಗಿ ಎರಡೇ ದಿಕ್ಕು. ಎಎಂಡಿ ಬೋರ್ಡಿಗೆ ಅಗಲದ ಕೂಲರ್ ಹುಡುಕುವಾಗ ಇದು ನೆನಪಿರಲಿ. ಹಳೇ ಎಲ್‌ಜಿಎ1200 ಕೂಲರ್ ಮನೆಯಲ್ಲಿದೆ, ಅದನ್ನೇ ಹಾಕುತ್ತೇನೆ ಅನ್ನುವವರಿಗೂ ಒಂದು ಮಾತು: ಅದರ ತೂತು 75×75. ಹೊಸ ಸಾಕೆಟ್ಟಿಗೆ ಬೇರೆ ಕ್ಲ್ಯಾಂಪ್ ತರಿಸಲೇಬೇಕು.

ಬೋರ್ಡಿನ ಬೆನ್ನನ್ನೂ ಒಮ್ಮೆ ತಿರುಗಿಸಿ ನೋಡಿ. ಅಲ್ಲಿ ಎಸ್‌ಎಸ್‌ಡಿ ಸ್ಲಾಟ್ ಇರಬಹುದು, ಕೂಲರನ್ನು ಬೋರ್ಡಿನ ಹಿಂದಿನಿಂದ ಹಿಡಿಯುವ ತಗಡು, ಅಂದರೆ ಬ್ಯಾಕ್‌ಪ್ಲೇಟ್, ಅದಕ್ಕೆ ತಾಗಬಾರದು. ಎಎಂ5ರಲ್ಲಿ ಬೋರ್ಡಿನ ಜೊತೆ ಬಂದ ಬ್ಯಾಕ್‌ಪ್ಲೇಟನ್ನು ತೆಗೆಯುವ ಹಾಗಿಲ್ಲ, ಸಾಕೆಟ್ಟನ್ನೇ ಅದು ಹಿಡಿದುಕೊಂಡಿರುತ್ತದೆ. ಹಿಂದಿನಿಂದ ಸ್ಕ್ರೂ ಹಾಕುವ ಬಗೆಯ ಕೂಲರ್ ಆದರೆ ಎಎಂ5ಕ್ಕೆ ಹೊಂದುತ್ತದೋ ಇಲ್ಲವೋ ಮೊದಲೇ ವಿಚಾರಿಸಿ. ನೊಕ್ಚುವಾ ತನ್ನ ಪ್ರತಿ ಕೂಲರಿಗೂ ಯಾವ ಮದರ್‌ಬೋರ್ಡ್ ಹೊಂದುತ್ತದೆ ಅನ್ನುವ ಪಟ್ಟಿ ಕೊಡುತ್ತದೆ. ಬೇರೆ ಕಂಪನಿಯ ಕೂಲರ್ ಕೊಳ್ಳುವವರೂ ಆ ಪಟ್ಟಿ ನೋಡಬಹುದು. ಅದೇ ಅಳತೆಯ ನೊಕ್ಚುವಾ ಕೂಲರಿಗೆ ನಿಮ್ಮ ಬೋರ್ಡಿನಲ್ಲಿ ತಕರಾರು ಇದ್ದರೆ, ನಿಮ್ಮದಕ್ಕೂ ಇರುವ ಸಂಭವ ಜಾಸ್ತಿ.

ಮುಚ್ಚಿತು, ಆದರೆ ಗಾಳಿ?

55ರ ಮಿತಿಗೆ 53ರ ಕೂಲರ್ ಹಾಕಿದಿರಿ. ಫ್ಯಾನಿಗೂ ಬಾಗಿಲಿಗೂ ನಡುವೆ ಎರಡು ಮಿ.ಮೀ. ಬಾಗಿಲು ಜಾಲರಿಯದ್ದಾದರೆ ಗಾಳಿ ನೇರ ಹೊರಗಿನಿಂದ ಬರುತ್ತದೆ, ತಂಪಿಗೆ ಒಳ್ಳೆಯದೇ. ಆದರೆ ಫ್ಯಾನಿನ ಎಸಳು ಜಾಲರಿಗೆ ಅಷ್ಟು ಹತ್ತಿರ ತಿರುಗಿದರೆ ಗುಂಯ್ ಅನ್ನುವ ಸದ್ದು ಶುರುವಾಗುತ್ತದೆ. ರಾತ್ರಿ ಕೋಣೆಯಲ್ಲಿ ಇನ್ನೊಬ್ಬರು ಮಲಗಿದ್ದರೆ ಬೈಗುಳ ಗ್ಯಾರಂಟಿ. ಬಾಗಿಲು ಗಾಜಿನದ್ದೋ ಗಟ್ಟಿ ತಗಡಿನದ್ದೋ ಆದರಂತೂ ಮೂಗು ಒತ್ತಿ ಹಿಡಿದು ಓಡಿದ ಹಾಗೆ. ಫ್ಯಾನ್ ಎಷ್ಟು ಜೋರಾಗಿ ತಿರುಗಿದರೂ ಎಳೆಯಲು ಗಾಳಿಯೇ ಇಲ್ಲ. ಜಾಲರಿಗೆ ಕನಿಷ್ಠ ಐದು ಮಿ.ಮೀ., ಮುಚ್ಚಿದ ಬಾಗಿಲಿಗೆ ಹದಿನೈದು–ಇಪ್ಪತ್ತು ಬಿಡಬೇಕು ಅನ್ನುವುದು ನಾನು ಇಟ್ಟುಕೊಂಡ ಲೆಕ್ಕ.

ಹಾಗಂತ ಜಾಲರಿಯ ಹಿಂದೆ ಜಾಸ್ತಿ ಜಾಗ ಬಿಟ್ಟರೆ ಒಳ್ಳೆಯದು ಅಂತಲೂ ಅಲ್ಲ. ಇದು ಹಲವರಿಗೆ ವಿಚಿತ್ರ ಅನ್ನಿಸುತ್ತದೆ. 77ರ ಜಾಗದಲ್ಲಿ 37ರ ಕೂಲರ್ ಕೂತರೆ ಮೇಲೆ ನಾಲ್ಕು ಸೆಂಟಿಮೀಟರ್ ಖಾಲಿ. ಹೀಟ್‌ಸಿಂಕಿನಿಂದ ಬದಿಗೆ ಬಂದ ಬಿಸಿ ಗಾಳಿ ಅದೇ ಖಾಲಿ ಜಾಗದಲ್ಲಿ ಸುತ್ತು ಹೊಡೆದು ಮತ್ತೆ ಫ್ಯಾನಿನ ಬಾಯಿಗೇ ಹೋಗುತ್ತದೆ. ಫ್ಯಾನಿನ ಅಂಚಿನಿಂದ ಜಾಲರಿಯವರೆಗೆ ಫೋಮಿನ ಗೋಡೆ ಕಟ್ಟಿದರೆ ಫ್ಯಾನ್ ಹೊರಗಿನ ಗಾಳಿಯನ್ನಷ್ಟೇ ಎಳೆಯುತ್ತದೆ. ನೊಕ್ಚುವಾ ಎಲ್9 ಸರಣಿಗೆ ಎನ್‌ಎ-ಎಫ್‌ಡಿ1 ಅಂತ ಇದಕ್ಕೆಂದೇ ಫೋಮ್ ಕಿಟ್ ಮಾರುತ್ತದೆ. ಪ್ಯಾಕಿಂಗ್ ಫೋಮನ್ನು ಬ್ಲೇಡಿನಲ್ಲಿ ಚೌಕವಾಗಿ ಕತ್ತರಿಸಿ ಮನೆಯಲ್ಲೇ ಮಾಡಿಕೊಂಡರೂ ಕೆಲಸ ನಡೆಯುತ್ತದೆ, ಎಸಳಿಗೆ ತಾಗದ ಹಾಗೆ ನೋಡಿಕೊಂಡರಾಯಿತು.

ನಮ್ಮೂರ ಸೆಕೆಯ ಲೆಕ್ಕ

ಕೂಲರ್ ವಿಮರ್ಶೆಗಳನ್ನು ಹೆಚ್ಚಾಗಿ ಇಪ್ಪತ್ತರಿಂದ ಇಪ್ಪತ್ತೈದು ಡಿಗ್ರಿಯ ಕೋಣೆಯಲ್ಲಿ ಮಾಡುತ್ತಾರೆ. ಕರಾವಳಿಯಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಎಸಿ ಇಲ್ಲದ ಕೋಣೆ 33 ಡಿಗ್ರಿ ಇರುವುದು ಮಾಮೂಲಿ, ರಾತ್ರಿಯೂ ಅಷ್ಟೇನೂ ಇಳಿಯುವುದಿಲ್ಲ. ಫ್ಯಾನ್ ಗಾಳಿಯ ಕೂಲರ್ ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಂಪು ಮಾಡಲಾರದು, ಹಾಗಾಗಿ ಕೋಣೆ ಏರಿದಷ್ಟೂ ಪ್ರೊಸೆಸರ್ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. 22 ಡಿಗ್ರಿಯಲ್ಲಿ 82 ತೋರಿಸಿದ ಕೂಲರ್ ನಿಮ್ಮ ಮೇಜಿನ ಮೇಲೆ 93 ತೋರಿಸಬಹುದು. ರೈಝನ್ 7000 ಸರಣಿಯ ಹೆಚ್ಚಿನ ಪ್ರೊಸೆಸರ್‌ಗಳ ಮಿತಿ 95. ಅದಕ್ಕೆ ಮುಟ್ಟಿದರೆ ಸುಟ್ಟು ಹೋಗುವುದಿಲ್ಲ, ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. ಕೊಟ್ಟ ದುಡ್ಡಿಗೆ ಸರಿಯಾದ ಕೆಲಸ ಸಿಗುವುದಿಲ್ಲ ಅಷ್ಟೇ.

ಅಂದ ಹಾಗೆ, ಸೆಕೆ ಅಂತ ನಾವು ಒದ್ದಾಡುವುದು ಗಾಳಿಯ ತೇವದಿಂದ ಬೆವರು ಆರದೆ. ಪ್ರೊಸೆಸರ್ ಬೆವರುವುದಿಲ್ಲ, ಅದಕ್ಕೆ ಲೆಕ್ಕ ಬರೀ ಉಷ್ಣಾಂಶ. ತೇವದ ಕಾಟ ಬೇರೆ ರೀತಿಯದು: ಕೆಂಪು ಮಣ್ಣಿನ ಧೂಳು ಒದ್ದೆ ಗಾಳಿಯಲ್ಲಿ ಹೀಟ್‌ಸಿಂಕಿನ ಎಲೆಗಳ ನಡುವೆ ಅಂಟಿ ಕೂರುತ್ತದೆ. ಗಿಡ್ಡ ಕೂಲರಿನ ಎಲೆಗಳು ಒತ್ತೊತ್ತಾಗಿರುವುದರಿಂದ ಬೇಗ ಕಟ್ಟಿಕೊಳ್ಳುತ್ತದೆ. ಹಾಗಾಗಿ ಬ್ರಶ್ ಹಿಡಿದು ಗುಡಿಸಲು ಕೈ ಹೋಗುವಷ್ಟು ಜಾಗವೂ ಲೆಕ್ಕದಲ್ಲಿರಲಿ.

ಕೂಲರಿನ ಎತ್ತರ ಕಡಿಮೆ ಅಂದರೆ ಪ್ರೊಸೆಸರಿನ ವ್ಯಾಟ್ ಕೂಡ ಕಡಿಮೆ ಇರಬೇಕು. ಇಲ್ಲಿ ಪೆಟ್ಟಿಗೆಯ ಮೇಲಿನ ಸಂಖ್ಯೆ ನಂಬುವ ಹಾಗಿಲ್ಲ. ಎಎಂಡಿ 65 ವ್ಯಾಟ್ ಅಂದ ಪ್ರೊಸೆಸರ್ ಸಾಕೆಟ್ಟಿನಿಂದ 88 ವ್ಯಾಟ್‌ವರೆಗೆ ಎಳೆಯಬಹುದು. 105 ಅಂದದ್ದು ಎಎಂ5ರಲ್ಲಿ 142. ಇಂಟೆಲ್ ಐ5-13400 ಪೆಟ್ಟಿಗೆಯಲ್ಲಿ 65, ಟರ್ಬೊದಲ್ಲಿ 148. 55 ಮಿ.ಮೀ. ಒಳಗಿನ ಕೂಲರ್ ಆದರೆ ನಾನು 65 ವ್ಯಾಟ್ ದರ್ಜೆಯ ರೈಝನ್ 5 7600ರಂಥದ್ದನ್ನೇ ಹೇಳುತ್ತೇನೆ. ದೊಡ್ಡದೇ ಬೇಕು ಅನ್ನುವವರು ಬೋರ್ಡಿನ ಸೆಟ್ಟಿಂಗ್ ಪುಟವಾದ ಬಯಾಸ್‌ನಲ್ಲಿ ಇಕೋ ಮೋಡ್ (ಕಡಿಮೆ ವ್ಯಾಟಿನಲ್ಲಿ ಓಡಿಸುವ ಆಯ್ಕೆ) ಹಾಕಬಹುದು, ಇಂಟೆಲ್ ಆದರೆ ಪವರ್ ಲಿಮಿಟ್ ಇಳಿಸಬಹುದು. ಗೇಮ್ ಆಡುವಾಗ ಇದರಿಂದ ಆಗುವ ನಷ್ಟ ಸಣ್ಣದು. ಗಂಟೆಗಟ್ಟಲೆ ವಿಡಿಯೊ ರೆಂಡರ್ ಮಾಡುವವರಿಗೆ ಮಾತ್ರ ತಿಳಿಯುತ್ತದೆ, ಅಂಥವರು 155ರ ಕ್ಯಾಬಿನೆಟ್ಟಿಗೆ ಹೋಗುವುದೇ ಸರಿ.

ಶಿರಾಡಿ ಘಾಟಿ ಹತ್ತಿಸಿ ಬೆಂಗಳೂರಿಗೆ ಒಯ್ಯುವವರಿಗೆ ತೂಕವೂ ಮುಖ್ಯ. ಎಲ್9ಐ 420 ಗ್ರಾಂ, ದೊಡ್ಡ ಎನ್‌ಎಚ್-ಡಿ15 ಎರಡು ಫ್ಯಾನ್ ಸೇರಿ 1,320 ಗ್ರಾಂ. ಟವರ್ ಕೂಲರ್ ಇದ್ದರೆ ಬೋರ್ಡ್ ನೆಲಕ್ಕೆ ಸಮವಾಗಿ, ಕೂಲರ್ ನೆಟ್ಟಗೆ ನಿಲ್ಲುವ ಹಾಗೆ ಪೆಟ್ಟಿಗೆ ಮಲಗಿಸಿ ಒಯ್ಯಿರಿ. ವಾಪಸ್ ಬರುವಾಗ ಎಸಿ ಬಸ್ಸಿನಲ್ಲಿ ತಣ್ಣಗಾದ ಪಿಸಿಯ ಮೇಲೆ ನಮ್ಮೂರ ಗಾಳಿಯ ತೇವ ಹನಿಗಟ್ಟಬಹುದು. ಇಳಿದ ಕೂಡಲೇ ಸ್ವಿಚ್ ಒತ್ತಬೇಡಿ, ಕೋಣೆಯ ಬಿಸಿಗೆ ಬರಲಿ.

ಆರ್ಡರ್ ಹಾಕುವ ಕ್ರಮ

ಕ್ಯಾಬಿನೆಟ್, ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೊದಲು ತರಿಸಿ. ಕೂಲರ್ ಕೊನೆಗೆ. ಬೋರ್ಡನ್ನು ಕೂರಿಸಿ, ಪ್ರೊಸೆಸರ್ ಮತ್ತು ರ‍್ಯಾಮ್ ಹಾಕಿ. ಆಮೇಲೆ ಕೊರಿಯರ್ ಬಂದ ರಟ್ಟಿನ ಪೆಟ್ಟಿಗೆಯನ್ನೇ ಕತ್ತರಿಸಿ ಕೂಲರಿನ ಉದ್ದ, ಅಗಲ, ಎತ್ತರದ ಒಂದು ಡಮ್ಮಿ ಮಾಡಿ. ಕೂಲರಿನ ನಕ್ಷೆಯಲ್ಲಿ ತಳದ ನಡುಬಿಂದು ಎಲ್ಲಿದೆ ಅಂತ ನೋಡಿಕೊಳ್ಳಿ, ಯಾಕೆಂದರೆ ಕೆಲವು ಕೂಲರ್ ಒಂದು ಬದಿಗೆ ವಾಲಿಕೊಂಡಿರುತ್ತವೆ. ಡಮ್ಮಿಯನ್ನು ಪ್ರೊಸೆಸರಿನ ಮೇಲೆ ಮೆಲ್ಲಗೆ ಇಟ್ಟು ನಾಲ್ಕೂ ಬದಿಯಿಂದ ಟಾರ್ಚ್ ಹಿಡಿದು ನೋಡಿ. ರ‍್ಯಾಮ್, ವಿಆರ್‌ಎಂ, ಎಸ್‌ಎಸ್‌ಡಿ ಹೀಟ್‌ಸಿಂಕ್, ಎಸ್‌ಎಂಪಿಎಸ್ (ವಿದ್ಯುತ್ ಕೊಡುವ ಪೆಟ್ಟಿಗೆ) ಕೇಬಲ್ ಬಾಗುವ ಜಾಗ, ಸ್ಯಾಂಡ್‌ವಿಚ್ ಆದರೆ ಬೋರ್ಡಿಗೂ ಗ್ರಾಫಿಕ್ಸ್ ಕಾರ್ಡಿಗೂ ಕೊಂಡಿಯಾದ ರೈಸರ್ ಕೇಬಲ್ಲಿನ ಕುತ್ತಿಗೆ. ಯಾವುದಕ್ಕೆ ರಟ್ಟು ತಾಗುತ್ತದೋ ಅದಕ್ಕೆ ನಾಳೆ ಅಲ್ಯೂಮಿನಿಯಂ ತಾಗುತ್ತದೆ.

ನಿಜವಾದ ಕೂಲರ್ ಬಂದ ಮೇಲೆ ಕೊನೆಯ ಪರೀಕ್ಷೆ. ಪವರ್ ಕೇಬಲ್ ಕಿತ್ತಿಡಿ. ಮಕ್ಕಳು ಆಡುವ ಕ್ಲೇ ಉಂಟಲ್ಲ, ಅದರ ಗೋಲಿಯಷ್ಟು ದೊಡ್ಡ ಉಂಡೆಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಫ್ಯಾನಿನ ನಾಲ್ಕು ಮೂಲೆಯ ಚೌಕಟ್ಟಿನ ಮೇಲೆ ಒಂದೊಂದು ಇಡಿ, ಎಸಳಿನ ಮೇಲೆ ಬೇಡ. ಬಾಗಿಲು ಹಾಕಿ, ಮತ್ತೆ ತೆಗೆಯಿರಿ. ಉಂಡೆ ಎಷ್ಟು ದಪ್ಪಕ್ಕೆ ಚಪ್ಪಟೆಯಾಗಿದೆಯೋ ಅಷ್ಟು ನಿಮ್ಮ ಅಂತರ. ಒಂದು ಮೂಲೆಯಲ್ಲಿ ಆರು, ಇನ್ನೊಂದರಲ್ಲಿ ಮೂರು ಬಂದರೆ ಕೂಲರ್ ಓರೆ ಕೂತಿದೆ, ಇಲ್ಲವೇ ಬಾಗಿಲು ಬಗ್ಗಿದೆ. ಕೂಲರಿನ ಸ್ಕ್ರೂಗಳನ್ನು ಒಂದೇ ಸಲಕ್ಕೆ ಬಿಗಿಯದೆ ಕರ್ಣದ ದಿಕ್ಕಿನಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸಿ ಸರಿಮಾಡಿ.

ಇಷ್ಟೆಲ್ಲ ಆಗುವ ಮೊದಲೇ ಬೋರ್ಡಿನ ಮೂಲೆಯಲ್ಲಿರುವ ಎಂಟು ಪಿನ್ನಿನ ಸಿಪಿಯು ಪವರ್ ಕೇಬಲ್ಲನ್ನೂ ಫ್ಯಾನಿನ ನಾಲ್ಕು ಪಿನ್ನಿನ ಕನೆಕ್ಟರನ್ನೂ ಚುಚ್ಚಿಟ್ಟುಕೊಳ್ಳಿ. ಕೂಲರ್ ಕೂತ ಮೇಲೆ ಅಲ್ಲಿಗೆ ಬೆರಳು ಹೋಗುವುದಿಲ್ಲ.